ಹಳದಿ ತಂತಿ

ಇಲ್ಲಿ ಗಾಳಿಯೇ ತೆಳು.
ಎಲ್ ಆಲ್ತೋ ಅಂದರೇ ಎತ್ತರ:
ಸಮುದ್ರದಿಂದ ನಾಲ್ಕು ಸಾವಿರ ಮೀಟರು ಮೇಲೆ
ನೀರು ಬೇಗ ಕುದಿಯುತ್ತದೆ, ಆಲೂಗಡ್ಡೆ ಬೇಗ ಬೇಯುವುದಿಲ್ಲ.
ಪ್ರೊಜೆಕ್ಟರಿಗೂ ಅದೇ ಪಾಡು.
ಒಂದು ಬೊಗಸೆ ಎಳೆದುಕೊಂಡರೆ ಸಿಗುವುದು
ಅರ್ಧಕ್ಕಿಂತ ಚೂರು ಹೆಚ್ಚು.
ಅದಕ್ಕೇ ಮೆನುವಿನ ಮೂಲೆಯಲ್ಲೊಂದು ಆಯ್ಕೆ, ‘ಎತ್ತರದ ಊರು’.
ಒತ್ತಿದೆನೋ, ಮೂರೂ ಫ್ಯಾನು
ಬಸ್ಸು ತಪ್ಪಿದವರ ಹಾಗೆ ಓಡತೊಡಗುತ್ತವೆ.

ನಾನು ನೆಮೆಸಿಯಾ ತಿಕೋನಾ. ಸೆಂಕಾತಾದಲ್ಲಿ
ಟೈರು ಅಂಗಡಿಯ ಮೇಲೆ, ಬಡಗಿಗಳ ಸಂಘದ ಹಾಲಿನಲ್ಲಿ
ಶನಿವಾರ ಸಿನೆಮಾ ಹಾಕುತ್ತೇನೆ,
ಶುಕ್ರವಾರ ಅದರ ಹೊಟ್ಟೆ ಬಿಚ್ಚುತ್ತೇನೆ.

ಮೊದಲು ಸ್ಪಂಜಿನ ಜಾಲರಿ.
ವಾರದ ಊರು ಪೂರಾ ಅದರಲ್ಲಿ ಸಿಕ್ಕಿಕೊಂಡಿರುತ್ತದೆ:
ಇಟ್ಟಿಗೆಯ ಪುಡಿ, ಗರಗಸದ ಹೊಟ್ಟು, ಲಾಮಾದ ಉಣ್ಣೆ,
ಯಾರದೋ ಮದುವೆಯ ಬಣ್ಣದ ಕಾಗದದ ಚೂರು,
ಬಾಗಿಲ ಬಳಿ ದೋನ್ಯಾ ಎಲೋದಿಯಾ ಕರಿಯುವ ಹಿಟ್ಟಿನ ಜಿಡ್ಡು.
ತೊಳೆದು ತಗಡಿನ ಮೇಲಿಟ್ಟರೆ
ಕಾಲು ಗಂಟೆಯಲ್ಲಿ ಒಣಗಿಸಿ ಕೊಡುತ್ತದೆ ಬಿಸಿಲು.
ಅದೊಂದರಲ್ಲಿ ನಮ್ಮೂರು ಸಾಹುಕಾರ.

ಗಾಳಿ ಊದುವಾಗ ರೆಕ್ಕೆಗೆ ಬೆಂಕಿಕಡ್ಡಿ ಅಡ್ಡ ಹಿಡಿಯಬೇಕು.
ಬಿಟ್ಟರೆ ಹುಚ್ಚೆದ್ದು ತಿರುಗಿ
ತನ್ನ ಬೇರಿಂಗನ್ನು ತಾನೇ ತಿನ್ನುತ್ತದೆ.
ಮೊದಲನೆಯದು ಹಾಗೇ ಸತ್ತಿತು, ನನ್ನ ಕೈಯಲ್ಲಿ.
ಅದು ಗುಂಯ್ ಅಂದದ್ದಕ್ಕೆ ನಕ್ಕಿದ್ದೆ ಬೇರೆ.

ಮೇ ತಿಂಗಳಲ್ಲಿ ದೀಪದ ಪಕ್ಕದ ಫ್ಯಾನು ಕಿರುಗುಟ್ಟಿತು.
ಸೋದರತ್ತೆಯ ಹೊಲಿಗೆ ಯಂತ್ರದ ಎಣ್ಣೆ,
ನಡುವಿನ ಅಂಟುಚೀಟಿ ಎತ್ತಿ ಒಂದೇ ಹನಿ.
ವಾರ ಸುಮ್ಮನಿತ್ತು. ಆಮೇಲೆ ಮೊಂಡು ಬಿತ್ತು,
ಅದೂ ಶನಿವಾರವೇ, ಟಿಕೇಟು ಹರಿದಾದ ಮೇಲೆ.
ಕೆಂಪು ಚುಕ್ಕಿ ಮಿಟುಕಿತು; ಬೆಳಕಿಲ್ಲ.
ಹೊಸದು ಚಿಲಿಯ ಬಂದರಿನಿಂದ ಬರಬೇಕು, ಮೂರು ವಾರ.

ಭಾವ ವಿಲ್ಫ್ರೆದೋ ರೇಡಿಯೋ ರಿಪೇರಿಯವನು. ಅಂದ:
‘ಕೆಂಪು ತಂತಿ ಊಟ ತರುತ್ತದೆ, ಕಪ್ಪು ತಟ್ಟೆ ಒಯ್ಯುತ್ತದೆ,
ಹಳದಿಯದ್ದು ಬರೀ ಚಾಡಿ,
ತಿರುಗಿತು, ತಿರುಗಲಿಲ್ಲ ಅಂತ ಒಳಗೆ ಹೋಗಿ ಹೇಳುವುದು.
ಕತ್ತರಿಸಿ ಕಪ್ಪಿಗೆ ಕಟ್ಟು.
ಯಂತ್ರದ ಕಣ್ಣಿಗೆ ಮಣ್ಣೆರಚಿದರಾಯಿತು.’

ಕತ್ತರಿ ಕೈಯಲ್ಲೇ ಇತ್ತು.
ಎಂಬತ್ತು ಜನ. ಮಕ್ಕಳು ನೆಲ ಒದೆಯುತ್ತಿದ್ದರು.

ಮುಂದಿನ ಬೆಂಚಿನಿಂದ ದೋನ್ ಇಲಾರಿಯೋನ್ ಎದ್ದು ಬಂದರು,
ವಾನೂನಿಯ ತವರದ ಗಣಿಯಲ್ಲಿ ಇಪ್ಪತ್ತಾರು ವರ್ಷ ಇದ್ದವರು.
ಆರು ಹೆಜ್ಜೆ, ನಡುವೆ ಎರಡು ಸಲ ನಿಂತು.
‘ಮಣ್ಣು,’ ಅಂದರು. ಉಸಿರು ತೆಗೆದುಕೊಂಡರು.
‘ನಮಗೂ ಎರಚಿದ್ದರು. ಕಂಪನಿಯ ಡಾಕ್ಟರು
ವರ್ಷವರ್ಷ ಎದೆಗೆ ಕೊಳವೆಯಿಟ್ಟು ಬರೆಯುತ್ತಿದ್ದ,
ಸರಿಯಿದೆ.
ನಮ್ಮ ಪಾಳಿಯ ಹನ್ನೊಂದು ಜನಕ್ಕೂ
ಸರಿಯಿದೆ.’
ಮುಂದೇನೂ ಹೇಳಲಿಲ್ಲ. ಮಿಕ್ಕ ಉಸಿರು
ಬೆಂಚಿಗೆ ಮರಳುವುದಕ್ಕೆ ಬೇಕಿತ್ತು.

ಅವತ್ತು ಆಟ ಇಲ್ಲ. ದುಡ್ಡು ವಾಪಸು.
ಕರಿದದ್ದೆಲ್ಲ ಉಳಿಯಿತೆಂದು ಎಲೋದಿಯಾ ಇವತ್ತಿಗೂ ಆಡುತ್ತಾಳೆ.
ಯಾರೋ ಟಾರ್ಚು ಹಿಡಿದರು, ಒಬ್ಬ ಹುಡುಗ
ಬೆರಳಿನಲ್ಲಿ ನಾಯಿ ಮಾಡಿ ಪರದೆಯ ಮೇಲೆ ಬೊಗಳಿಸಿದ,
ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಮೂರು ವಾರ ಐದಾಯಿತು. ಬಂತು, ಅಂಗೈಯಗಲದ ಡಬ್ಬಿಯಲ್ಲಿ.
ಮೂರೂ ತಂತಿ ಅವವುಗಳ ಜಾಗಕ್ಕೆ.

ಚಿತ್ರ ಮುಗಿದು ಬೆಳಕು ಆರಿದ ಮೇಲೂ
ಪ್ಲಗ್ಗು ಕೀಳುವ ಹಾಗಿಲ್ಲ;
ಒಳಗಿನ ಕಾವು ಇಳಿಯುವ ತನಕ, ಎರಡು ನಿಮಿಷ,
ಫ್ಯಾನು ತಿರುಗುತ್ತಿರಬೇಕು.
ಜನ ಮೆಟ್ಟಿಲಿಳಿಯುತ್ತಾರೆ. ಕೆಳಗೆ ಮಿನಿಬಸ್ಸಿನ ಹುಡುಗ
ಒಂದೇ ಉಸಿರಿಗೆ ಹತ್ತು ಬೀದಿಯ ಹೆಸರು ಕೂಗುತ್ತಾನೆ.
ಇಲಾರಿಯೋನ್ ಅವಸರ ಮಾಡುವುದಿಲ್ಲ. ಮಾಡಲಾರರು.
ಕತ್ತಲಲ್ಲಿ ಅವರ ಎದೆಯ ಸಣ್ಣ ಸೀಟಿ,
ಪೆಟ್ಟಿಗೆಯೊಳಗೆ ಇಳಿಯುತ್ತಿರುವ ಗುಂಯ್.
ಯಾವುದು ಯಾವುದೆಂದು ಬೇರೆ ಮಾಡಲು ಹೋಗದೆ
ಮೊಣಕೈಗೆ ವೈರು ಸುತ್ತಿಕೊಳ್ಳುತ್ತ ನಿಲ್ಲುತ್ತೇನೆ.